ಬಾಖ್‌ನ ‘ಆಕ್ಟಸ್ ಟ್ರಾಜಿಕಸ್’: ಸಂಕೇತ ಅವನು ಇಟ್ಟಿದ್ದಾ, ನಾವು ಹುಡುಕಿದ್ದಾ?

ಕೇಳುಗ ಕಿಟ್ಟಿ
ಬರೋಕ್ ಸಂಗೀತ (ಹದಿನೇಳು, ಹದಿನೆಂಟನೇ ಶತಮಾನದ ಯುರೋಪಿನದ್ದು) ಕೇಳುವವರು ಇಲ್ಲಿ ಒಂದಷ್ಟು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಬಾಖ್‌ನ 106ನೇ ಕ್ಯಾಂಟಾಟಾ, ಅಂದರೆ ಹಾಡುಗಾರರು ಮತ್ತು ವಾದ್ಯಗಳಿಗೆ ಬರೆದ, ಹಲವು ಭಾಗಗಳಿರುವ ಕೃತಿ. ‘ದೇವರ ಸಮಯವೇ ಎಲ್ಲಕ್ಕಿಂತ ಒಳ್ಳೆಯ ಸಮಯ’ ಅಂತ ಶುರುವಾಗುತ್ತದಲ್ಲ, ಅದು. ಎಲ್ಲರೂ ಆಕ್ಟಸ್ ಟ್ರಾಜಿಕಸ್ ಅಂತಲೇ ಕರೆಯುತ್ತಾರೆ. ಸಾವಿನ ಸಂದರ್ಭಕ್ಕೆ ಬರೆದದ್ದು, ಇಪ್ಪತ್ತು ನಿಮಿಷದ ಆಸುಪಾಸು.

ಸಂಗೀತದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಅದರ ಬಗ್ಗೆ ಬರೆಯುವವರ ಮೇಲೆ. ಯಾವ ಸಿಡಿಯ ಪುಸ್ತಿಕೆ ತೆಗೆದರೂ ಅದೇ ಪುರಾಣ. ಕೊಳಲು ಅಂದರೆ ಸಾವಿನ ನಿದ್ದೆ. ಫ್ಯೂಗ್ (ಒಂದೇ ಧಾಟಿಯನ್ನು ದನಿಗಳು ಒಂದರ ಹಿಂದೊಂದು ಹಿಡಿಯುವ ರೂಪ) ಅಂದರೆ ಧರ್ಮಶಾಸ್ತ್ರ. ಸೊಪ್ರಾನೊ (ಎಲ್ಲಕ್ಕಿಂತ ಎತ್ತರದ ದನಿ) ಅಂದರೆ ಸುವಾರ್ತೆ. ಫ್ಲ್ಯಾಟ್‌ಗಳು (ಸ್ವರವನ್ನು ಅರ್ಧ ಸ್ವರ ಇಳಿಸುವ ಗುರುತುಗಳು) ಜಾಸ್ತಿಯಾದರೆ ಸಮಾಧಿಗೆ ಇಳಿದಂತೆ, ಕಡಿಮೆಯಾದರೆ ಮೇಲೆದ್ದಂತೆ! ಬರೆದವನಿಗೆ ಆಗಿನ್ನೂ ಇಪ್ಪತ್ತೆರಡು, ಇಪ್ಪತ್ಮೂರು ವರ್ಷ. ಇಷ್ಟೆಲ್ಲ ಲೆಕ್ಕ ಹಾಕಿ ಬರೆದಿದ್ದಾನಾ, ಅಥವಾ ಪಂಡಿತರು ಆಮೇಲೆ ಸೇರಿಸಿದ್ದಾ?

ಸುಮ್ನೆ ಓದುವವ
ಪಂಡಿತರು ಸೇರಿಸಿದ್ದು. ಮುಂದಿನ ಪ್ರಶ್ನೆ.

ಗಾಂಬಾ ಗೌಡ
ಅಷ್ಟು ಬೇಗ ಬಾಗಿಲು ಹಾಕಬೇಡಿ ಗುರುಗಳೇ. ಮೊದಲು ಅಲ್ಲಿ ಏನಿದೆ ಅಂತ ನೋಡೋಣ.

ವಾದ್ಯಗಳು ಎರಡು ರೆಕಾರ್ಡರ್ (ತುದಿಯಿಂದ ಊದುವ ಕೊಳಲು), ಎರಡು ವಿಯೋಲ ದ ಗಾಂಬಾ, ಜೊತೆಗೆ ಬಾಸ್ ಮತ್ತು ಆರ್ಗನ್. ಅಷ್ಟೇ. ಪಿಟೀಲು ಒಂದೂ ಇಲ್ಲ. ಗಾಂಬಾ ಅಂದರೆ ಮಂಡಿಗಳ ನಡುವೆ ಹಿಡಿದು ನುಡಿಸುವ, ಮೆಟ್ಟಿಲುಗಳಿರುವ ತಂತಿವಾದ್ಯ. ನಾದ ಮೆತ್ತಗೆ, ಸ್ವಲ್ಪ ಮೂಗಿನಿಂದ ಬಂದ ಹಾಗೆ. ಶುರುವಿನ ಸೊನಾಟಿನಾ (ಬರೀ ವಾದ್ಯದ ಪುಟ್ಟ ಭಾಗ) ಇಪ್ಪತ್ತೇ ಬಾರ್, ಅಂದರೆ ತಾಳದ ಇಪ್ಪತ್ತು ಆವರ್ತ ಇದ್ದ ಹಾಗೆ. ಎರಡು ರೆಕಾರ್ಡರ್‌ಗಳು ಹೆಚ್ಚುಕಡಿಮೆ ಒಂದೇ ರಾಗದ ಮೇಲೆ ನಡೆಯುತ್ತವೆ. ಆದರೆ ಒಂದು ಸ್ವರದಲ್ಲಿ ನಿಂತಾಗ ಇನ್ನೊಂದು ಪಕ್ಕಕ್ಕೆ ಸರಿದು ವಾಪಸ್ ಬರುತ್ತದೆ. ಕೆಳಗೆ ಗಾಂಬಾಗಳು ಒಂದೇ ಸಮ ಮಿಡಿಯುತ್ತವೆ.

ಸಂಕೇತವೋ ಅಲ್ಲವೋ, ಸಾವಿನ ಸಂಗೀತಕ್ಕೆ ಈ ವಾದ್ಯಗಳನ್ನು ಬಾಖ್ ಮತ್ತೆ ಮತ್ತೆ ಕರೆದಿದ್ದಾನೆ. 161ನೇ ಕ್ಯಾಂಟಾಟಾ ‘ಬಾ, ಸಿಹಿಯಾದ ಸಾವಿನ ಗಳಿಗೆಯೇ’ ಅನ್ನುತ್ತದೆ. ಅಲ್ಲೂ ಎರಡು ರೆಕಾರ್ಡರ್. ಅದರೊಳಗೆ ಒಂದು ಕಡೆ ರೆಕಾರ್ಡರ್ ಮತ್ತು ಮೀಟಿದ ತಂತಿಗಳು ಸೇರಿ ಸಾವಿನ ಗಂಟೆ ಬಾರಿಸುತ್ತವೆ. 1727ರಲ್ಲಿ ಪೋಲೆಂಡಿನ ರಾಣಿಯೂ ಆಗಿದ್ದ ಸ್ಯಾಕ್ಸನಿಯ ದೊರೆಯ ಹೆಂಡತಿಯ ಶೋಕಕ್ಕೆ ಬರೆದ ಕೃತಿಯಲ್ಲಿ ಎರಡು ಗಾಂಬಾ. ಯೋಹಾನ ಪ್ಯಾಶನ್‌ನಲ್ಲಿ (ಯೇಸುವಿನ ಯಾತನೆ, ಮರಣದ ಕಥೆಯ ಸಂಗೀತ) ಯೇಸು ‘ತೀರಿತು’ ಅಂದ ಕೂಡಲೇ ಬರುವ ಹಾಡಿಗೆ ಗಾಂಬಾ.

ಅನುಮಾನ ಪಕ್ಷ
ಗೌಡ್ರೇ, ಅವೆಲ್ಲ ಆಮೇಲಿನವು. ಮೊದಲನೆಯದಕ್ಕೆ ಸಾದಾ ಕಾರಣ ಇರಬಾರದಾ? ಸಣ್ಣ ಊರು, ಖಾಸಗಿ ಶವಸಂಸ್ಕಾರ, ಬಂದವರು ನಾಲ್ಕೈದು ವಾದ್ಯಗಾರರು. ಸಿಕ್ಕವರಿಗೆ ಬರೆದುಕೊಟ್ಟ. ಮುನ್ನೂರು ವರ್ಷ ಆದಮೇಲೆ ನಾವು ಅದಕ್ಕೆ ‘ನಿದ್ದೆಯ ಸಂಕೇತ’ ಅಂತ ಹೆಸರಿಟ್ಟೆವು.

ಎರ್ಫರ್ಟ್ ಕನ್ನಡಿಗ
ನಾನಿರುವುದು ಈ ಕಡೆಯೇ, ಜರ್ಮನಿಯ ಥುರಿಂಗಿಯಾದಲ್ಲಿ. ಸಣ್ಣ ಊರು ಅಂತ ಮ್ಯೂಲ್‌ಹೌಸೆನ್‌ನ ಅಷ್ಟು ಸಸಾರ ಮಾಡಬೇಡಿ. ಆಗ ಅದು ಸ್ವತಂತ್ರ ನಗರ. ಬಾಖ್ 1707ರಲ್ಲಿ ಅಲ್ಲಿನ ಬ್ಲಾಸಿಯುಸ್ ಚರ್ಚಿಗೆ ಆರ್ಗನ್ ವಾದಕನಾಗಿ ಬಂದ. ಮರುವರ್ಷ ಫೆಬ್ರವರಿ 4ರಂದು ನಗರಸಭೆಗಾಗಿ ನುಡಿಸಿದ 71ನೇ ಕ್ಯಾಂಟಾಟಾದಲ್ಲಿ ತುತ್ತೂರಿ, ನಗಾರಿ ಎಲ್ಲ ಇತ್ತು. ನಗರದವರೇ ಅಚ್ಚು ಹಾಕಿಸಿದರು. ದೊಡ್ಡ ಮೇಳ ಕೂಡಿಸುವ ಊರೇ ಅದು.

106 ಯಾರ ಸಾವಿಗೆ ಅನ್ನುವುದು ಮಾತ್ರ ಇತ್ಯರ್ಥವಾಗಿಲ್ಲ. ಒಂದು ವಾದ: ಎರ್ಫರ್ಟ್‌ನಲ್ಲಿದ್ದ ಸೋದರಮಾವ ಟೋಬಿಯಾಸ್ ಲೆಮರ್‌ಹಿರ್ಟ್. ಅವರು 1707ರ ಆಗಸ್ಟ್‌ನಲ್ಲಿ ತೀರಿಕೊಂಡರು, ಸೋದರಳಿಯ ಬಾಖ್‌ಗೆ 50 ಗುಲ್ಡನ್ ಬಿಟ್ಟುಹೋದರು. ಎರಡು ತಿಂಗಳಲ್ಲಿ ಬಾಖ್‌ನ ಮದುವೆ. ಇನ್ನೊಂದು ವಾದ: ಮ್ಯೂಲ್‌ಹೌಸೆನ್‌ನ ಪಾದ್ರಿ ಐಲ್ಮಾರ್ ಅವರ ಸೋದರಿ, 1708ರ ಜೂನ್. ಊರಿನ ಮಾಜಿ ಮೇಯರ್ ಒಬ್ಬರ ಹೆಸರೂ ಇದೆ. ನನಗೆ ಸೋದರಮಾವನ ಕಥೆ ಇಷ್ಟ, ಆದರೆ ಇಷ್ಟ ಅನ್ನುವುದು ಪುರಾವೆ ಅಲ್ಲ.

ತಂಬೂರಿ ತಿಮ್ಮಕ್ಕ
ಸೋದರಮಾವನ ದುಡ್ಡಲ್ಲಿ ಮದುವೆ ಮಾಡಿಕೊಂಡನಾ 😄 ಪಾಪ, ಹತ್ತು ವರ್ಷ ತುಂಬುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡಿದ್ದ ಹುಡುಗ ಅಲ್ವಾ. ಇಪ್ಪತ್ತೆರಡು ವರ್ಷದವನಿಗೆ ಸಾವಿನ ಬಗ್ಗೆ ಏನು ಗೊತ್ತು ಅಂತ ಕೇಳೋ ಹಾಗೇ ಇಲ್ಲ.

ಕಾಯಿರ್ ಆಲ್ಟೊ
ನಾನು ಇದನ್ನು ಹಾಡಿದ್ದೇನೆ. ಕಿಟ್ಟಿಯವರೇ, ನೀವು ಹೇಳಿದ ಪಟ್ಟಿಯಲ್ಲಿ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಡುವಿನ ಕೋರಸ್ ಒಂದನ್ನು ಬೇರೆಯಾಗಿ ನೋಡಿ.

ಅಲ್ಲಿ ಕೆಳಗಿನ ಮೂರು ದನಿಗಳು (ಆಲ್ಟೊ, ಟೆನರ್, ಬಾಸ್) ಸಿರಾಖನ ಗ್ರಂಥದ (ಬೈಬಲಿನ ಜೊತೆ ಓದುವ ಹಳೆಯ ಪುಸ್ತಕ) ಮಾತು ಹಾಡುತ್ತವೆ: ಇದು ಹಳೆಯ ಒಡಂಬಡಿಕೆ, ಮನುಷ್ಯನೇ, ನೀನು ಸಾಯಲೇಬೇಕು. ಫ್ಯೂಗ್ ರೂಪದಲ್ಲಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹಿಡಿಯುತ್ತಾರೆ, ತಪ್ಪಿಸಿಕೊಳ್ಳೋಕೆ ಜಾಗವೇ ಇಲ್ಲ. ಸೊಪ್ರಾನೊ ಆ ಫ್ಯೂಗ್‌ಗೆ ಸೇರುವುದೇ ಇಲ್ಲ. ಅದು ಬೇರೆಯಾಗಿ ಬಂದು ಬೈಬಲಿನ ಪ್ರಕಟನೆ ಗ್ರಂಥದ ಕೊನೆಯ ಅಧ್ಯಾಯದ ಮಾತು ಹಾಡುತ್ತದೆ: ಹೌದು, ಬಾ, ಕರ್ತನಾದ ಯೇಸುವೇ, ಬಾ. ಮೂರನೆಯದಾಗಿ ವಾದ್ಯಗಳು ಮಾತಿಲ್ಲದೆ ಒಂದು ಕೋರಲ್ (ಲೂಥರನ್ ಸಭೆಯವರು ಹಾಡುವ ಹಾಡು) ನುಡಿಸುತ್ತವೆ. ‘ನನ್ನದನ್ನೆಲ್ಲ ದೇವರಿಗೆ ಒಪ್ಪಿಸಿದ್ದೇನೆ’ ಅನ್ನುವ ಹಾಡಿನ ಧಾಟಿ.

ಕೊನೆಗೆ ಕೆಳಗಿನ ದನಿಗಳು ನಿಲ್ಲುತ್ತವೆ. ವಾದ್ಯ ನಿಲ್ಲುತ್ತದೆ. ತಳದ ಬಾಸ್ ವಾದ್ಯ ಕೂಡ ನಿಲ್ಲುತ್ತದೆ. ಸೊಪ್ರಾನೊ ಒಂದೇ ‘ಯೇಸು’ ಅನ್ನುವ ಹೆಸರಿನ ಮೇಲೆ ಓಲಾಡಿ, ನೆಲೆ ಮುಟ್ಟದೇ ಸುಮ್ಮನಾಗುತ್ತದೆ. ಆಮೇಲೆ ಒಂದು ಪೂರ್ತಿ ಖಾಲಿ ಬಾರ್, ಅದರ ಮೇಲೆ ಫರ್ಮಾಟಾ. ಅಂದರೆ ಆ ಮೌನವನ್ನೂ ಹಿಡಿದಿಡಿ ಅಂತ.

ಇದನ್ನು ಯಾರೂ ಹೊರಗಿನಿಂದ ಸೇರಿಸಬೇಕಾಗಿಲ್ಲ. ಕಾಗದದ ಮೇಲೇ ಇದೆ.

ಅನುಮಾನ ಪಕ್ಷ
ಯಾವ ಕಾಗದ ಮೇಡಂ? ಬಾಖ್‌ನ ಕೈಬರಹ ಸಿಕ್ಕಿಲ್ಲ. ಇರುವ ಅತಿ ಹಳೆಯ ಪ್ರತಿ 1768ರದ್ದು. ಅವನು ಸತ್ತು ಹದಿನೆಂಟು ವರ್ಷ ಆಗಿತ್ತು. ಅಚ್ಚಾಗಿದ್ದು 1830ರಲ್ಲಿ. ‘ಆಕ್ಟಸ್ ಟ್ರಾಜಿಕಸ್’ ಅನ್ನುವ ಹೆಸರೂ ಪ್ರತಿಗಳಿಂದ ಬಂದದ್ದು, ಅವನೇ ಇಟ್ಟ ಅನ್ನೋಕೆ ಆಧಾರ ಇಲ್ಲ. ಒಂದು ಫರ್ಮಾಟಾದ ಮೇಲೆ ಇಷ್ಟು ದೊಡ್ಡ ಮನೆ ಕಟ್ಟುವುದಾ?

ಕಾಯಿರ್ ಆಲ್ಟೊ
ಫರ್ಮಾಟಾ ತೆಗೆದುಹಾಕಿ, ಪರವಾಗಿಲ್ಲ. ದನಿಗಳು ಒಂದೊಂದಾಗಿ ಕಳಚುವುದನ್ನು ಹೇಗೆ ತೆಗೆಯುತ್ತೀರಿ? ಅದು ಪ್ರತಿಕಾರ ಪಕ್ಕದಲ್ಲಿ ಬರೆದ ಗುರುತಲ್ಲ, ಸ್ವರಗಳಲ್ಲೇ ಇರುವುದು.

ಗಾಂಬಾ ಗೌಡ
ಇನ್ನೊಂದು ಸಾಕ್ಷಿ. ಅದೇ ಕಾಲದ್ದು ಅನ್ನಲಾಗುವ 4ನೇ ಕ್ಯಾಂಟಾಟಾ, ಲೂಥರ್‌ನ ಈಸ್ಟರ್ ಹಾಡಿನ ಮೇಲೆ ಕಟ್ಟಿದ್ದು. ಅದರ ಟೆನರ್ ಚರಣದಲ್ಲಿ ‘ಸಾವಿನ ರೂಪ ಬಿಟ್ಟು ಏನೂ ಉಳಿಯಲಿಲ್ಲ’ ಅಂತ ಬರುತ್ತದೆ. ‘ಏನೂ ಇಲ್ಲ’ ಅನ್ನುವ ಜಾಗದಲ್ಲಿ ಓಡುತ್ತಿದ್ದ ಪಿಟೀಲು ಸಮೇತ ಎಲ್ಲ ಗಪ್! ಮುಂದಿನ ಚರಣದಲ್ಲಿ ಸಾವು ಬದುಕಿನ ಕಾಳಗ, ಒಂದು ಸಾವು ಇನ್ನೊಂದನ್ನು ನುಂಗಿತು ಅಂತ. ಅಲ್ಲಿ ದನಿಗಳು ಒಂದರ ಹಿಂದೆ ಒಂದು ಬಿದ್ದು ನುಂಗುತ್ತಾ ಬರುತ್ತವೆ. ಮೌನವನ್ನು ಮಾತಿಗೆ ಹೊಂದಿಸುವುದು ಆ ಹುಡುಗನಿಗೆ ಅಭ್ಯಾಸವಾಗಿತ್ತು. 106ರಲ್ಲಿ ಮಾತ್ರ ಆಕಸ್ಮಿಕ ಅಂದರೆ ಹೇಗೆ?

ಕೇಳುಗ ಕಿಟ್ಟಿ
ಸರಿ, ಮೌನ ಒಪ್ಪಿದೆ. ಆ ವಾದ್ಯದ ಕೋರಲ್ ವಿಷಯ ಹೇಳಿ. ಮಾತೇ ಇಲ್ಲ ಅಂದಮೇಲೆ ಕೇಳುವವನಿಗೆ ಹೇಗೆ ಗೊತ್ತಾಗಬೇಕು?

ಬಲ್ಮಠ ರಸ್ತೆ
ಮಾರಾಯ್ರೇ, ಮದುವೆ ಮನೆಯ ನಾದಸ್ವರದಲ್ಲಿ ದೇವರನಾಮ ಬಂದರೆ ನಿಮಗೆ ಮಾತು ಕೇಳುವುದಿಲ್ಲವಾ? ಹಾಗೆಯೇ ಇದು. ಲೂಥರನ್ ಸಭೆಯವರಿಗೆ ಈ ಧಾಟಿಗಳು ಬಾಯಿಪಾಠ. ಎರಡು ಸಾಲು ನುಡಿಸಿದರೆ ಸಾಕು, ಉಳಿದದ್ದು ಅವರ ಮನಸ್ಸಲ್ಲೇ ಬರುತ್ತಿತ್ತು.

ನಾವು ಮಂಗಳೂರಿನ ಹಳೆಯ ಬಾಸೆಲ್ ಮಿಷನ್ ಸಭೆಯವರು. ಮಿಷನ್ನವರು 1834ರಲ್ಲಿ ಬಂದವರು ಜರ್ಮನ್ ಹಾಡುಗಳನ್ನು ಕನ್ನಡಕ್ಕೆ ತಂದರು, ಧಾಟಿ ಹಾಗೇ ಉಳಿಸಿಕೊಂಡರು. ಶುಭ ಶುಕ್ರವಾರ ಹಾಡುವ ಒಂದು ಧಾಟಿ ಉಂಟಲ್ಲ, ಬಾಖ್ ಮತ್ತಾಯ ಪ್ಯಾಶನ್‌ನಲ್ಲಿ ಮತ್ತೆ ಮತ್ತೆ ತರುವುದು, ಅದನ್ನು ಮೊದಲ ಬಾರಿ ರೆಕಾರ್ಡಿಂಗಿನಲ್ಲಿ ಕೇಳಿದಾಗ ನನ್ನ ಅಮ್ಮ ಅಡುಗೆ ಮನೆಯಿಂದ ಕನ್ನಡದಲ್ಲಿ ಜೊತೆಗೆ ಹಾಡತೊಡಗಿದರು. ಬಾಖ್ ಯಾರು ಅಂತ ಅವರಿಗೆ ಬೇಡವೇ ಬೇಡ.

ಅನುಮಾನ ಪಕ್ಷ
ಆ ಧಾಟಿಯ ಜಾತಕ ಗೊತ್ತಾ ನಿಮಗೆ? ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಅಚ್ಚು ಹಾಕಿಸಿದ ಪ್ರೇಮಗೀತೆ. ಹುಡುಗಿಯ ಗುಂಗಲ್ಲಿ ನನ್ನ ಮನಸ್ಸು ಕೆಟ್ಟುಹೋಗಿದೆ ಅನ್ನುವ ಹಾಡು! ಅದೇ ಆಮೇಲೆ ಶಿಲುಬೆಯ ಹಾಡಾಯಿತು. ಅಂದರೆ ಸ್ವರಗಳಲ್ಲಿ ಸಂಕೇತ ಇಲ್ಲ ಅಂತ ಆಯ್ತು.

ಬಾಖ್‌ನನ್ನೇ ತಗೊಳ್ಳಿ. 1733ರಲ್ಲಿ ಮುಂದಿನ ರಾಣಿ ಮರಿಯಾ ಜೋಸೆಫಾಳ ಹುಟ್ಟುಹಬ್ಬಕ್ಕೆ ‘ನಗಾರಿಗಳೇ ಮೊಳಗಿ’ ಅಂತ ಬರೆದ. ಮರುವರ್ಷ ಅದೇ ಸಂಗೀತ ಕ್ರಿಸ್‌ಮಸ್ ಒರಟೋರಿಯೊದ (ಯೇಸು ಹುಟ್ಟಿದ ಕಥೆಯ ದೊಡ್ಡ ಹಾಡುಕೃತಿ) ಮೊದಲ ಕೋರಸ್. ಹರ್ಕ್ಯುಲಿಸ್ ಕಥೆಯ ಕ್ಯಾಂಟಾಟಾದಲ್ಲಿ ಭೋಗ ಅನ್ನುವ ಪಾತ್ರ ಅವನನ್ನು ದಾರಿ ತಪ್ಪಿಸಲು ಜೋಗುಳ ಹಾಡುತ್ತದೆ. ಅದೇ ಜೋಗುಳ ಒರಟೋರಿಯೊದಲ್ಲಿ ಹಸುಗೂಸು ಯೇಸುವಿಗೆ. ಪಾಪದ ಸಂಗೀತ, ಪುಣ್ಯದ ಸಂಗೀತ ಎರಡೂ ಒಂದೇ. ಈಗ ಹೇಳಿ ಸಂಕೇತದ ಮಾತು.

ಸುಮ್ನೆ ಓದುವವ
ಪಾಪ್‌ಕಾರ್ನ್ ತಂದೆ. ಮುಂದುವರಿಸಿ.

ಕಾಯಿರ್ ಆಲ್ಟೊ
ಒಳ್ಳೆಯ ಪಟ್ಟು. ಆದರೆ ಜೋಗುಳ ಜೋಗುಳವಾಗಿಯೇ ಉಳಿಯಿತಲ್ಲ? ಭೋಗಕ್ಕೂ ಮಲಗಿಸಬೇಕಿತ್ತು, ತಾಯಿಗೂ ಮಲಗಿಸಬೇಕಿತ್ತು. ತೂಗುವ ಗತಿ ಎರಡಕ್ಕೂ ಹೊಂದಿತು. ಯಾರನ್ನು ತೂಗುತ್ತಿದ್ದೇವೆ ಅಂತ ಮಾತು ಹೇಳುತ್ತದೆ. ಸಂಗೀತ ತೂಗುವುದನ್ನು, ಬೀಳುವುದನ್ನು, ನಿಲ್ಲುವುದನ್ನು ತೋರಿಸಬಲ್ಲದು. ಹೆಸರು ಹೇಳಲಾರದು.

106ರಲ್ಲೂ ಅಷ್ಟೇ. ಮೌನಕ್ಕೆ ‘ಸಾವು’ ಅಂತ ಸಂಗೀತ ಹೇಳುವುದಿಲ್ಲ. ‘ನೀನು ಸಾಯಲೇಬೇಕು’ ಅಂತ ಮೂರು ದನಿಗಳು ಅಷ್ಟು ಹೊತ್ತು ಹಾಡಿದ್ದರಿಂದ ಗೊತ್ತಾಗುತ್ತದೆ.

ಅನುಮಾನ ಪಕ್ಷ
ಹಾಗಾದರೆ ಅದೇ ಹರ್ಕ್ಯುಲಿಸ್ ಕ್ಯಾಂಟಾಟಾದಲ್ಲಿ ‘ನಿನ್ನ ಮಾತು ಕೇಳಲಾರೆ’ ಅಂತ ಭೋಗವನ್ನು ತಳ್ಳಿಹಾಕುವ ಹಾಡು? ಅದರಲ್ಲಿ ಹಾವುಗಳಿವೆ. ಒರಟೋರಿಯೊದಲ್ಲಿ ಅದು ‘ಸಿಯೋನೇ, ಸಿದ್ಧಳಾಗು’ ಆಯ್ತು, ಮದುಮಗನಿಗೆ ಸ್ವಾಗತ. ತಳ್ಳುವುದೂ ಕರೆಯುವುದೂ ಒಂದೇ ಗತಿಯಾ?

ಕಾಯಿರ್ ಆಲ್ಟೊ
ಅದು ಹೊಂದಿಲ್ಲ ಅಂತಲೇ ನನ್ನ ಅಭಿಪ್ರಾಯ. ಕೆಲಸದ ಅವಸರ. ಬಾಖ್ ಮಾಡಿದ್ದೆಲ್ಲ ಸರಿ ಅನ್ನುವ ಪಕ್ಷದವಳಲ್ಲ ನಾನು.

ಎರ್ಫರ್ಟ್ ಕನ್ನಡಿಗ
ಫ್ಲ್ಯಾಟ್‌ಗಳ ವಿಷಯಕ್ಕೆ ಬರೋಣ. ಕಿಟ್ಟಿಯವರು ಅದನ್ನೇ ಜಾಸ್ತಿ ಗೇಲಿ ಮಾಡಿದ್ದು.

ಕೃತಿ ಶುರುವಾಗುವುದು ಇ-ಫ್ಲ್ಯಾಟ್ ಮೇಜರ್ ಅನ್ನುವ ಸ್ವರಶ್ರೇಣಿಯಲ್ಲಿ, ಮೂರು ಫ್ಲ್ಯಾಟ್. ಆಮೇಲೆ ಸಿ ಮೈನರ್. ‘ನಮ್ಮ ದಿನಗಳನ್ನು ಎಣಿಸುವುದನ್ನು ಕಲಿಸು’ ಅನ್ನುವ 90ನೇ ಕೀರ್ತನೆಯ ಮಾತು, ‘ನಿನ್ನ ಮನೆಯ ವ್ಯವಸ್ಥೆ ಮಾಡು, ನೀನು ಸಾಯುವಿ’ ಅನ್ನುವ ಯೆಶಾಯನ ಮಾತು ಅಲ್ಲಿ ಬರುತ್ತವೆ. ನಡುವಿನ ಕೋರಸ್ ಎಫ್ ಮೈನರ್, ನಾಲ್ಕು ಫ್ಲ್ಯಾಟ್. ಮೌನದ ನಂತರ ಆಲ್ಟೊ ‘ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ’ ಅನ್ನುತ್ತದೆ, ಬಿ-ಫ್ಲ್ಯಾಟ್ ಮೈನರ್, ಐದು ಫ್ಲ್ಯಾಟ್. ಅದೇ ತಳ. ಅಲ್ಲಿಂದ ಎ-ಫ್ಲ್ಯಾಟ್ ಮೇಜರ್‌ಗೆ ಏರಿ ಬಾಸ್ ದನಿ ಲೂಕ 23:43 ಹಾಡುತ್ತದೆ, ‘ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ’. ಕೊನೆಗೆ ವಾಪಸ್ ಇ-ಫ್ಲ್ಯಾಟ್. ಎರಿಕ್ ಚೇಫ್ ಅನ್ನುವ ವಿದ್ವಾಂಸರು ಈ ಇಳಿತ ಏರಿತದ ಬಗ್ಗೆ ತುಂಬಾ ಬರೆದಿದ್ದಾರೆ.

ನನಗೆ ಹಿಡಿಸಿದ್ದು ಆ ತಳದ ಜಾಗ. ಫ್ಲ್ಯಾಟ್ ಲೆಕ್ಕದಲ್ಲಿ ಅತ್ಯಂತ ಕೆಳಗೆ ಬಂದಿದೆ, ಆದರೆ ಆಲ್ಟೊ ಕೆಳಗಿನ ಬಾಸ್ ಸ್ವರಗಳು ಮೆಟ್ಟಿಲಿನ ಹಾಗೆ ಮೇಲಕ್ಕೇ ಹೋಗುತ್ತವೆ. ಅದನ್ನು ಕಿವಿಯಲ್ಲೇ ಕೇಳಬಹುದು, ಪುಸ್ತಿಕೆ ಬೇಡ.

ತಂಬೂರಿ ತಿಮ್ಮಕ್ಕ
ಈ ಮೇಜರ್ ಮೈನರ್ ಅಂದರೆ ನಮ್ಮ ರಾಗದ ರಸ ಇದ್ದ ಹಾಗೆ ಅಲ್ವಾ? ಮುಖಾರಿ ಅಂದರೆ ಶೋಕ, ಹಾಗೆ?

ಗಾಂಬಾ ಗೌಡ
ಅಷ್ಟು ಸಲೀಸಲ್ಲ ತಿಮ್ಮಕ್ಕ. ರಾಗಕ್ಕೆ ತನ್ನದೇ ನಡೆ, ಗಮಕ, ಸಂಚಾರ ಇರುತ್ತದೆ. ಇಲ್ಲಿ ಸಿ ಮೈನರ್‌ಗೂ ಎಫ್ ಮೈನರ್‌ಗೂ ಸ್ವರಗಳ ಅಂತರ ಒಂದೇ, ಆಧಾರ ಸ್ವರ ಬೇರೆ. ಅರ್ಥ ಹುಟ್ಟುವುದು ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ. ಮತ್ತೆ ಆಗಿನ ಆರ್ಗನ್‌ಗಳ ಶ್ರುತಿ ಇವತ್ತಿನ ಪಿಯಾನೊದಂತೆ ಸಮ ಇರಲಿಲ್ಲ. ಫ್ಲ್ಯಾಟ್ ಜಾಸ್ತಿಯಾದಷ್ಟೂ ನಾದ ಒರಟಾಗುತ್ತಿತ್ತು. ಐದು ಫ್ಲ್ಯಾಟಿಗೆ ಬಂದಾಗ ಚರ್ಚಿನಲ್ಲಿ ಕೂತವರಿಗೆ ಏನೋ ಬದಲಾಗಿದೆ ಅಂತ ಅನ್ನಿಸಿಯೇ ಇರುತ್ತದೆ.

ಅನುಮಾನ ಪಕ್ಷ
ಇದು ಮಾತ್ರ ಒಳ್ಳೆಯ ವಾದ. ಕಿವಿಗೆ ಕೇಳುವುದಾದರೆ ನನ್ನ ಜಗಳ ಇಲ್ಲ. ಆದರೆ ಅದೇ ಕೃತಿಯ ರೆಕಾರ್ಡರ್ ಭಾಗ ಎಫ್ ಮೇಜರ್‌ನಲ್ಲಿದೆ ಅನ್ನುವುದು ನೆನಪಿರಲಿ. ಆರ್ಗನ್ ಶ್ರುತಿ ಮತ್ತು ಊದುವವರ ಶ್ರುತಿ ಬೇರೆ ಇದ್ದದ್ದರಿಂದ ಒಂದು ಸ್ವರ ಆಚೆಗೆ ಬರೆದಿದ್ದಾರೆ. ಕೆಲವರು ಇಡೀ ಕೃತಿಯನ್ನು ಎಫ್‌ನಲ್ಲೇ ನುಡಿಸುತ್ತಾರೆ. ಆಗ ನಿಮ್ಮ ಐದು ಫ್ಲ್ಯಾಟ್ ಮೂರಾಗುತ್ತದೆ. ಸಮಾಧಿಯ ಆಳ ಕಡಿಮೆಯಾಯಿತಾ?

ಎರ್ಫರ್ಟ್ ಕನ್ನಡಿಗ
ಇಳಿಯುವ ಮೆಟ್ಟಿಲು ಅಷ್ಟೇ ಇರುತ್ತದಲ್ಲ ಸ್ವಾಮಿ. ಎಲ್ಲಿಂದ ಶುರುಮಾಡಿದರೇನು?

ಸಂಖ್ಯಾ ಶಾಸ್ತ್ರಿ
ಯಾರೂ ಸಂಖ್ಯೆಗಳ ಬಗ್ಗೆ ಮಾತೇ ಆಡಿಲ್ಲ! ಬಿ 2, ಎ 1, ಸಿ 3, ಎಚ್ 8. ಕೂಡಿದರೆ 14, ಅದೇ ಬಾಖ್. ಅವನ ಕೃತಿಗಳ ತುಂಬಾ 14 ಇದೆ. 106ರಲ್ಲೂ ಬಾರ್ ಎಣಿಸಿದರೆ ಸಿಕ್ಕೇ ಸಿಗುತ್ತದೆ.

ಅನುಮಾನ ಪಕ್ಷ
ಬಂದರು. ಇವರಿಗಾಗಿಯೇ ಕಾಯುತ್ತಿದ್ದೆ.

ಕಾಯಿರ್ ಆಲ್ಟೊ
ಶಾಸ್ತ್ರಿಗಳೇ, ಇದನ್ನು ಜನಪ್ರಿಯ ಮಾಡಿದವರು ಫ್ರೀಡ್ರಿಖ್ ಸ್ಮೆಂಡ್, 1940ರ ದಶಕದಲ್ಲಿ. ರೂತ್ ಟ್ಯಾಟ್ಲೊ 1991ರಲ್ಲಿ ಆ ವಾದದ ಬುಡವನ್ನೇ ಪರೀಕ್ಷಿಸಿದರು. ಅಕ್ಷರಕ್ಕೆ ಅಂಕಿ ಕೊಡುವ ಆಟ ಆ ಕಾಲದಲ್ಲಿ ಇತ್ತು ನಿಜ. ಬಾಖ್ ಅದನ್ನು ಸಂಗೀತ ಕಟ್ಟುವ ಉಪಾಯವಾಗಿ ಬಳಸಿದ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಎಣಿಸುತ್ತಾ ಹೋದರೆ ದಿನಸಿ ಚೀಟಿಯಲ್ಲೂ 14 ಸಿಗುತ್ತದೆ.

ನಂಬಬಹುದಾದ ಸಂಖ್ಯೆಗಳೂ ಇವೆ. ಮತ್ತಾಯ ಪ್ಯಾಶನ್‌ನಲ್ಲಿ ‘ನಿಮ್ಮಲ್ಲಿ ಒಬ್ಬನು ನನ್ನನ್ನು ಹಿಡಿದುಕೊಡುವನು’ ಅಂತ ಯೇಸು ಅಂದಾಗ ಶಿಷ್ಯರು ‘ಕರ್ತನೇ, ನಾನೋ?’ ಅಂತ ಹನ್ನೊಂದು ಸಲ ಕೇಳುತ್ತಾರೆ. ಹನ್ನೆರಡನೆಯವನು ಯೂದ, ಅವನು ಆಮೇಲೆ ಒಬ್ಬನೇ ಕೇಳುತ್ತಾನೆ. 1723ರ 77ನೇ ಕ್ಯಾಂಟಾಟಾದ ಮೊದಲ ಕೋರಸ್‌ನಲ್ಲಿ ತುತ್ತೂರಿ ‘ಇವು ಹತ್ತು ಆಜ್ಞೆಗಳು’ ಅನ್ನುವ ಕೋರಲ್ಲನ್ನು ಹತ್ತು ಪ್ರವೇಶಗಳಲ್ಲಿ ನುಡಿಸುತ್ತದೆ. ಅದೇ ಧಾಟಿ ಕೆಳಗೆ ಬಾಸಿನಲ್ಲಿ ದೀರ್ಘ ಸ್ವರಗಳಲ್ಲಿ. ಇಲ್ಲಿ ಸಂಖ್ಯೆ ಯಾಕೆ ಅಂತ ಮಾತೇ ಹೇಳುತ್ತಿದೆ.

ಸಂಖ್ಯಾ ಶಾಸ್ತ್ರಿ
ನೀವು ಎಣಿಸಿದರೆ ವಿದ್ವತ್ತು, ನಾವು ಎಣಿಸಿದರೆ ದಿನಸಿ ಚೀಟಿ. ಇರಲಿ.

ಬಲ್ಮಠ ರಸ್ತೆ
😂 ಶಾಸ್ತ್ರಿಗಳಿಗೆ ನನ್ನದೊಂದು ಓಟು.

ನನಗೆ ಇಷ್ಟವಾದ ಜಾಗ ಯಾರೂ ಹೇಳಲಿಲ್ಲ. ಪರದೈಸಿನ ಮಾತನ್ನು ಬಾಸ್ ಹಾಡುತ್ತಿರುವಾಗಲೇ ಆಲ್ಟೊ ಅದರ ಮೇಲೆ ಲೂಥರ್‌ನ 1524ರ ಹಾಡು ಎತ್ತಿಕೊಳ್ಳುತ್ತದೆ, ‘ಸಮಾಧಾನ ಸಂತೋಷದಿಂದ ನಾನು ಹೊರಟೆ’. ಗಾಂಬಾಗಳು ಸುತ್ತ ನುಡಿಸುತ್ತವೆ. ಯೇಸುವಿನ ದನಿಯಾದ ಬಾಸ್ ಅರ್ಧದಲ್ಲೇ ಸುಮ್ಮನಾಗುತ್ತದೆ. ಆಲ್ಟೊ ‘ಸಾವು ನನಗೆ ನಿದ್ದೆಯಾಯಿತು’ ಅನ್ನುವವರೆಗೆ ಮುಂದುವರಿಸಿ ಮುಗಿಸುತ್ತದೆ. ನಡುವಿನ ಕೋರಸ್‌ನಲ್ಲಿ ಸೊಪ್ರಾನೊ ಒಬ್ಬಳೇ ಉಳಿದಳಲ್ಲ, ಅಲ್ಲಿ ಕೆಳಗೆ ಆಸರೆಯೇ ಇರಲಿಲ್ಲ. ಇಲ್ಲಿ ಇನ್ನೊಬ್ಬರು ಉಳಿಯುವುದು, ಆದರೆ ಗಾಂಬಾ ಜೊತೆಗಿದೆ. ಬಾಖ್ ಇದನ್ನು ಯೋಚಿಸಿ ಮಾಡಿದ್ದೇ ಅಂತ ನನ್ನ ಲೆಕ್ಕ.

ಕೇಳುಗ ಕಿಟ್ಟಿ
ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಒಂದು ಪ್ರಾಯೋಗಿಕ ಪ್ರಶ್ನೆ: ಯಾವ ರೆಕಾರ್ಡಿಂಗ್ ಕೇಳಲಿ? ನನ್ನ ಹತ್ತಿರ ಇರುವುದು ದೊಡ್ಡ ಕಾಯಿರ್‌ನದ್ದು. ನಡುವಿನ ಕೋರಸ್ ಗದ್ದಲವಾಗಿ ಕೇಳುತ್ತದೆ.

ಗಾಂಬಾ ಗೌಡ
ಒಂದು ದನಿಗೆ ಒಬ್ಬರೇ ಹಾಡುವ ರೆಕಾರ್ಡಿಂಗ್ ಹುಡುಕಿ. ಬಾಖ್‌ನ ಕೋರಸ್‌ಗಳನ್ನು ಸಾಮಾನ್ಯವಾಗಿ ದನಿಗೊಬ್ಬರೇ ಹಾಡುತ್ತಿದ್ದರು ಅಂತ ಜೋಶುವಾ ರಿಫ್ಕಿನ್ 1981ರಲ್ಲಿ ಹೇಳಿದಾಗ ದೊಡ್ಡ ರಂಪವಾಯ್ತು, ಇನ್ನೂ ಆಗುತ್ತಿದೆ. ಬೇರೆ ಕೃತಿಗಳಲ್ಲಿ ಏನೇ ಇರಲಿ, ನಾಲ್ಕು ಮೆತ್ತನೆ ವಾದ್ಯಗಳ ಎದುರು ನಲವತ್ತು ಜನ ನಿಂತರೆ ವಾದ್ಯದ ಕೋರಲ್ ಮುಳುಗಿಯೇ ಹೋಗುತ್ತದೆ. ಮೂರು ಪದರದಲ್ಲಿ ಒಂದು ಮಾಯ.

ಕಾಯಿರ್ ಆಲ್ಟೊ
ನಲವತ್ತು ಜನರಲ್ಲಿ ಒಬ್ಬಳಾಗಿ ಹಾಡಿದವಳು ಇಲ್ಲೇ ಇದ್ದೇನೆ ಗೌಡ್ರೇ 🙂 ನಮಗೂ ಆಸೆ ಇರುತ್ತದೆ.

ಅನುಮಾನ ಪಕ್ಷ
ಸೊನಾಟಿನಾ ಮಾತ್ರ ಬೇಕಿದ್ದರೆ ಹಂಗೇರಿಯ ಸಂಗೀತಕಾರ ಕುರ್ತಾಗ್ ಅದನ್ನು ಒಂದೇ ಪಿಯಾನೊದಲ್ಲಿ ನಾಲ್ಕು ಕೈಗಳಿಗೆ ಹೊಂದಿಸಿದ್ದಾರೆ. ಅವರೂ ಹೆಂಡತಿ ಮಾರ್ತಾ ಅವರೂ ಪಕ್ಕಪಕ್ಕ ಕೂತು ನುಡಿಸಿದ್ದಿದೆ. ಕೊಳಲೂ ಇಲ್ಲ, ಗಾಂಬಾನೂ ಇಲ್ಲ, ಆದರೂ ಗಂಟಲು ಕಟ್ಟುತ್ತದೆ. ವಾದ್ಯದಲ್ಲೇ ಸಂಕೇತ ಇದೆ ಅನ್ನುವವರು ಇದಕ್ಕೆ ಉತ್ತರ ಕೊಡಲಿ.

ಗಾಂಬಾ ಗೌಡ
ನಾಳೆ ಕೊಡುತ್ತೇನೆ. ಈಗ ಊಟಕ್ಕೆ ಕರೆಯುತ್ತಿದ್ದಾರೆ.

ಸಂಖ್ಯಾ ಶಾಸ್ತ್ರಿ
ಒಂದು ಪಿಯಾನೊ, ನಾಲ್ಕು ಕೈ. 1, 4. ನಾನೇನೂ ಹೇಳಲಿಲ್ಲಪ್ಪ.